'ನೀವು' ಯಾವಾಗ 'ನೀನು' ಆಯ್ತು?

ಪ್ರಶ್ನೆ: ನನ್ನ ಕಾದಂಬರಿಯ ಹುಡುಗಿ ದಿನಾ ಬೆಂಗಳೂರಿನ ಮೆಟ್ರೋದಲ್ಲಿ ವಿಜಯನಗರದಿಂದ ಜಯನಗರದ ಬ್ಯಾಂಕಿಗೆ ಹೋಗ್ತಾಳೆ, ಹುಡುಗ ಅದೇ ರೈಲಲ್ಲಿ ವೈಟ್‌ಫೀಲ್ಡಿಗೆ; ಪರಿಚಯ ಆಗೋದು ಅಲ್ಲೇ. ಓದಿದವರೆಲ್ಲ 'ಪ್ರೀತಿ ಯಾವಾಗ ಹುಟ್ಟಿತು ಅಂತಲೇ ಗೊತ್ತಾಗಲ್ಲ' ಅಂತಾರೆ. ಎಲ್ಲಿ ತಿದ್ದಲಿ?

— ಇಬ್ಬರ ಮಾತಿನಲ್ಲಿರುವ ಪ್ರತಿ 'ನೀವು'ಗೂ ಗೆರೆ ಎಳೆದುಕೊಂಡು ಬನ್ನಿ. ಅದು 'ನೀನು' ಆಗುವ ಸಾಲು ಎಲ್ಲಿದೆ? ಬಹಳ ಸಲ ಎರಡು ಅಧ್ಯಾಯಗಳ ನಡುವಿನ ಖಾಲಿ ಜಾಗದಲ್ಲಿ ಆಗಿಹೋಗಿರುತ್ತೆ. ಓದುಗರ ಕೈತಪ್ಪಿದ್ದು ಅದೇ. ಅದನ್ನು ಪುಟಕ್ಕೆ ತನ್ನಿ. ಮೊದಲು ಒಬ್ಬರ ಬಾಯಿಂದ ಜಾರಲಿ, ಇನ್ನೊಬ್ಬರು ಕೇಳಿಸದವರ ಹಾಗೆ 'ನೀವು' ಅಂತಲೇ ಇರಲಿ. ನಡುವೆ ಒಂದು ಚಂದದ ಘಟ್ಟ ಬರುತ್ತೆ, ಎರಡನ್ನೂ ತಪ್ಪಿಸಿ ಮಾತಾಡೋದು: 'ಊಟ ಆಯ್ತಾ?', 'ನಾಳೆ ಎಷ್ಟೊತ್ತಿಗೆ ಬರೋದು?' ಬಹುವಚನವೂ ಇಲ್ಲ, ಏಕವಚನವೂ ಇಲ್ಲ. ಇದನ್ನು ನಾಲ್ಕೈದು ದೃಶ್ಯ ಎಳೆಯಬಹುದು. ಮುಂದೆ ಜಗಳದಲ್ಲಿ ಅವಳು ಮತ್ತೆ 'ನೀವು ಹೇಳಿದ್ದು ಸರಿ' ಅಂದರೆ ಸಾಕು, ಬೈಗುಳವೇ ಬೇಡ.

— ಒಂದು ತಕರಾರು. ಒಂದೇ ಆಫೀಸಿನ ಸಮವಯಸ್ಕರಾದರೆ ಬೆಂಗಳೂರಲ್ಲಿ ಮೊದಲ ದಿನವೇ 'ನೀನು'. ಅಂಥವರಿಗೆ 'ಕಣೋ', 'ಕಣೇ' ಯಾವಾಗ ಬಂತು ನೋಡಿ. ನಿಮ್ಮವರು ಮೆಟ್ರೋ ಪರಿಚಯ, ಹಾಗಾಗಿ 'ನೀವು' ನಡೆಯುತ್ತೆ.

— ಮೆಟ್ರೋ ಅಂದಮೇಲೆ ಲೆಕ್ಕ ಸರಿಯಿರಲಿ. ವಿಜಯನಗರ ಬಿಟ್ಟರೆ ಹೊಸಹಳ್ಳಿ, ಮಾಗಡಿ ರೋಡ್, ರೈಲ್ವೆ ಸ್ಟೇಷನ್, ನಾಲ್ಕನೆಯದೇ ಮೆಜೆಸ್ಟಿಕ್. ಅಲ್ಲಿ ಅವಳು ಇಳಿದು ಹಸಿರು ಮಾರ್ಗ ಹಿಡೀಬೇಕು, ಅವನು ನೇರಳೆಯಲ್ಲೇ ಮುಂದಕ್ಕೆ. ಅಷ್ಟರೊಳಗೆ ಎರಡು ಪುಟದ ಭಾಷಣ ಹಿಡಿಸಲ್ಲ. ಒಂದು ದಿನಕ್ಕೆ ಆರೇಳು ಮಾತು, ಅದರಲ್ಲೊಂದು ಅರ್ಧಕ್ಕೇ ನಿಲ್ಲಲಿ. ಮರುದಿನ ಅಲ್ಲಿಂದಲೇ ಶುರುವಾದರೆ, ರಾತ್ರಿಯಿಡೀ ಅದನ್ನೇ ಯೋಚಿಸಿದರು ಅಂತ ನೀವು ಬರೆಯಬೇಕಾಗಿಲ್ಲ.

— ಇವರ ಪ್ರೀತಿಗೆ ಅಡ್ಡಿ ಏನು ಅಂತ ನೀವು ಹೇಳಲಿಲ್ಲ. ಒಂದು ಫೋನ್ ಕಾಲಿಗೆ ಬಗೆಹರಿಯುವ ತಪ್ಪುತಿಳಿವಳಿಕೆ ಆಗಿದ್ದರೆ ಕಿತ್ತುಹಾಕಿ. ಬೇರೆ ಧರ್ಮದ ಜೋಡಿಯಾದರೆ 'ಬೆಳಿಗ್ಗೆ ರಿಜಿಸ್ಟ್ರಾರ್ ಆಫೀಸ್, ಸಂಜೆ ಮದುವೆ' ಅಂತ ಬರೀಬೇಡಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ನೋಟಿಸ್ ಪ್ರಕಟವಾಗಿ 30 ದಿನ ಆಕ್ಷೇಪಣೆಗೆ ಕಾಯಬೇಕು. ಹುಡುಗನ ಕಾಯಂ ವಿಳಾಸ ಹಾಸನದ್ದಾದರೆ ಒಂದು ಪ್ರತಿ ಅಲ್ಲಿನ ಕಚೇರಿಯ ಗೋಡೆಗೂ ಬೀಳುತ್ತೆ. ಅಪ್ಪನ ಸ್ನೇಹಿತರೊಬ್ಬರು ಯಾವುದೋ ಪತ್ರ ನೋಂದಾಯಿಸಲು ಅಲ್ಲಿಗೇ ಬರಲಿ.