ಪದಚರ್ಚೆ: ‘ಮಧ್ಯಂತರ ಉಪವಾಸ’ ಸಕ್ಕರೆ ಕಾಯಿಲೆಯವರಿಗೆ ಅರ್ಥವಾಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ವೈದ್ಯ ಗೆಳೆಯರೊಬ್ಬರು ಸಕ್ಕರೆ ಕಾಯಿಲೆ ಇರುವವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದಾರೆ. ಅದರ ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ವಿಷಯ ಇಂಟರ್‌ಮಿಟೆಂಟ್ ಫಾಸ್ಟಿಂಗ್. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವುದು 16:8, ಅಂದರೆ ಎಂಟು ಗಂಟೆಯೊಳಗೆ ಊಟ ತಿಂಡಿ ಎಲ್ಲ ಮುಗಿಸಿ ಉಳಿದ ಹದಿನಾರು ಗಂಟೆ ಏನೂ ತಿನ್ನದಿರುವುದು. ಪತ್ರಿಕೆಗಳಲ್ಲಿ ಇದಕ್ಕೆ ‘ಮಧ್ಯಂತರ ಉಪವಾಸ’ ಎಂದು ಬರುತ್ತಿದೆ. ಮಧ್ಯಂತರ ಅಂದರೆ ಬಜೆಟ್ಟು, ನ್ಯಾಯಾಲಯದ ಆದೇಶ ನೆನಪಾಗುತ್ತವೆ. ‘ಮರುಕಳಿಸುವ ಉಪವಾಸ’ವೂ ಕಣ್ಣಿಗೆ ಬಿದ್ದಿದೆ, ಆದರೆ ಮರುಕಳಿಸುವುದು ಕಾಯಿಲೆ. ಎರಡೂ ನನಗೆ ಒಪ್ಪಿಗೆಯಿಲ್ಲ.

ಇವೆರಡಕ್ಕಿಂತ ದೊಡ್ಡ ತೊಡಕು ‘ಉಪವಾಸ’ದಲ್ಲೇ ಇದೆ. ಹಳೆ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಉಪವಾಸ ಅಂದರೆ ಅನ್ನ ಬಿಡುವುದು, ಅಷ್ಟೇ. ಅವಲಕ್ಕಿ, ಉಪ್ಪಿಟ್ಟು, ಬಾಳೆಹಣ್ಣು ನಡೆಯುತ್ತವೆ, ಅದಕ್ಕೆ ಫಲಾಹಾರ ಎಂಬ ಹೆಸರೂ ಇದೆ. ಉತ್ತರ ಕರ್ನಾಟಕದಲ್ಲಿ ಸಾಬೂದಾಣಿ ಖಿಚಡಿ. ಸಾಬೂದಾಣಿ ಹೆಚ್ಚುಕಡಿಮೆ ಬರೀ ಪಿಷ್ಟ, ಸಕ್ಕರೆಯನ್ನು ಬೇಗ ಏರಿಸುತ್ತದೆ. ಹಾಗಾಗಿ ಕರಪತ್ರದಲ್ಲಿ ‘ಉಪವಾಸ’ ಎಂದು ಓದಿದವರು ತಮ್ಮ ಮನೆಯ ಉಪವಾಸವನ್ನೇ ಮಾಡಿದರೆ ತಪ್ಪು ಅವರದಲ್ಲ, ನಮ್ಮ ಪದದ್ದು. ಇತ್ತ ನಿರ್ಜಲ ಏಕಾದಶಿ ಮಾಡುವವರು, ರೋಜಾ ಹಿಡಿಯುವವರು ನೀರನ್ನೂ ಬಿಟ್ಟಾರು. 16:8ರಲ್ಲಿ ನೀರು ಕುಡಿಯಲೇಬೇಕು.

ಕ್ರಿಯಾಪದ ಇನ್ನೂ ಸೂಕ್ಷ್ಮ. ಉಪವಾಸ ‘ಮಾಡು’ ಅಂದರೆ ವ್ರತ, ‘ಬೀಳು’ ಅಂದರೆ ಬಡತನ. ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಮುರಿ’. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿಯಬಹುದು. ಬೆವರು, ಕೈನಡುಕ ಶುರುವಾಗುತ್ತದೆ, ಇನ್ನೂ ಇಳಿದರೆ ಪ್ರಜ್ಞೆಯೇ ತಪ್ಪುತ್ತದೆ. ಆ ಗಳಿಗೆಗೆಂದು ಕರಡಿನಲ್ಲಿದ್ದ ಸೂಚನೆ: ‘ತಕ್ಷಣ ಉಪವಾಸ ಮುರಿಯಿರಿ.’ ವ್ರತ ಮುರಿಯುವುದು ಪಾಪ ಎಂದು ನಂಬಿ ಬೆಳೆದ ಹಿರಿಯರು ಅಲ್ಲಿ ಐದು ನಿಮಿಷ ಹಿಂದೆಮುಂದೆ ನೋಡಿದರೂ ಅಪಾಯ. ಹಾಗಾಗಿ ನಾನು ಅದನ್ನು ಹೊಡೆದುಹಾಕಿ ‘ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೂಡಲೇ ಕುಡಿಯಿರಿ, ಆ ದಿನದ ಉಪವಾಸ ಅಲ್ಲಿಗೆ ಮುಗಿಯಿತು’ ಎಂದು ಬರೆದೆ. ಉತ್ತರ ಕರ್ನಾಟಕದ ‘ಉಪವಾಸ ಬಿಡೋದು’ ‘ಮುರಿ’ಗಿಂತ ಹಗುರವಾಗಿ ಕೇಳಿಸುತ್ತದೆ. ಆದರೆ ದಕ್ಷಿಣದವರು ಅದನ್ನು ‘ಇನ್ನು ಮುಂದೆ ಉಪವಾಸವೇ ಮಾಡದಿರುವುದು’ ಎಂದು ತಿಳಿದಾರು.

ಈ ಪದ್ಧತಿಯಿಂದ ಲಾಭವೇ ಇಲ್ಲ ಎಂದು ಕರಪತ್ರ ಹೇಳುವುದಿಲ್ಲ. 2023ರಲ್ಲಿ ಪ್ರಕಟವಾದ ಶಿಕಾಗೊದ ಅಧ್ಯಯನದಲ್ಲಿ ಟೈಪ್ 2 ಮಧುಮೇಹದ 75 ಜನರಿದ್ದರು. ಅವರಲ್ಲಿ ಒಂದು ಗುಂಪು ಆರು ತಿಂಗಳು ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಮಾತ್ರ ಉಂಡಿತು, ಇನ್ನೊಂದು ಕ್ಯಾಲೊರಿ ಲೆಕ್ಕ ಹಾಕಿ ಉಂಡಿತು. ಏನನ್ನೂ ಬದಲಿಸದ ಗುಂಪಿಗೆ ಹೋಲಿಸಿದರೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎರಡೂ ಗುಂಪಿನಲ್ಲಿ ಸುಮಾರು 0.9 ಶೇಕಡಾ ಅಂಶದಷ್ಟು ಇಳಿಯಿತು. ಲೆಕ್ಕ ಹಾಕಲಾಗದವರಿಗೆ ಗಡಿಯಾರ ನೋಡಿ ಉಣ್ಣುವುದು ಸುಲಭ. ಮೊದಲು ವೈದ್ಯರನ್ನು ಕೇಳಿ ಮಾತ್ರೆಯ ಪ್ರಮಾಣ, ಹೊತ್ತು ಬದಲಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯ ಇನ್ನೊಂದು ಮಾತ್ರೆಯಾದ ಡಪಾಗ್ಲಿಫ್ಲೊಜಿನ್ ತೆಗೆದುಕೊಳ್ಳುವವರು ದೀರ್ಘ ಉಪವಾಸವಿದ್ದರೆ ರಕ್ತ ಆಮ್ಲೀಯವಾಗುವ ಅಪಾಯವೂ ಇದೆ.

ನಮ್ಮಲ್ಲಿ ‘ಒಪ್ಪೊತ್ತು’ ಇದ್ದೇ ಇದೆಯಲ್ಲ ಎಂದು ಕೆಲವರು ಹೇಳಬಹುದು. ಎಷ್ಟು ಒಳ್ಳೆಯ ಪದ! ಆದರೆ ಅದು ದಿನಕ್ಕೆ ಒಂದೇ ಊಟ. 16:8ರಲ್ಲಿ ಎರಡು, ಕೆಲವೊಮ್ಮೆ ಮೂರು ಸಲವೂ ತಿನ್ನಬಹುದು. ಅದೇ ‘ಹೊತ್ತಿ’ನಿಂದ ‘ಹೊತ್ತುಕಟ್ಟಿನ ಊಟ’ ಎಂದು ಕಟ್ಟಿದ್ದೇನೆ. ಇದರಲ್ಲಿ ವ್ರತದ ನೆರಳಿಲ್ಲ, ಒತ್ತು ಉಣ್ಣುವ ಹೊತ್ತಿನ ಮೇಲಿದೆ.

ಇದು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಕರಾವಳಿ, ಮಲೆನಾಡು, ಬೀದರ್ ಕಡೆಯವರು ಹೇಳಿ: ನಿಮ್ಮ ಮನೆಯಲ್ಲಿ ‘ಇವತ್ತು ಉಪವಾಸ’ ಅಂದರೆ ಏನೇನು ತಿನ್ನುತ್ತಾರೆ, ಮುಗಿಸುವುದಕ್ಕೆ ಯಾವ ಕ್ರಿಯಾಪದ ಬಳಸುತ್ತಾರೆ? ರೋಜಾ ಮುಗಿಸುವುದಕ್ಕೆ ನಿಮ್ಮೂರಿನ ಮಾತು ಯಾವುದೆಂದೂ ತಿಳಿಸಿ. ಕರಪತ್ರ ಅಚ್ಚಿಗೆ ಹೋಗುವ ಮುಂಚೆ ಇವನ್ನು ಸೇರಿಸಬೇಕು.