ಕರುಗಳಿಗೆ ಕವಚದ ಸಾರತೈಲ: ಹಾಲಿಗೋ, ಸ್ಟಾರ್ಟರ್‌ಗೋ?

ಪ್ರಶ್ನೆ: ಒಂದು ವಾರದ ಕರುಗಳಿಗೆ ಭೇದಿ ತಡೆಯಲು ಓರೆಗಾನೊ (ಒಂದು ಸುಗಂಧ ಸೊಪ್ಪು), ದಾಲ್ಚಿನ್ನಿ ಎಣ್ಣೆಯ ಎನ್‌ಕ್ಯಾಪ್ಸುಲೇಟೆಡ್ ಪುಡಿ, ಅಂದರೆ ಎಣ್ಣೆಯ ಕಣಗಳಿಗೆ ಕವಚ ಹೊದಿಸಿದ ಪುಡಿ ತಂದಿದ್ದೇವೆ. ಹಾಲಿಗೆ ಹಾಕಿದರೆ ಮೇಲೆ ತೇಲುತ್ತದೆ, ಕೆಲವು ಕರು ಮೂತಿ ತಿರುಗಿಸುತ್ತವೆ. ಹಾಲಿಗೇ ಹಾಕಬೇಕೋ, ಸ್ಟಾರ್ಟರ್‌ಗೋ (ಕರುವಿಗೆ ಕೊಡುವ ಮೊದಲ ಒಣ ಆಹಾರ)? ಬಳಸಿ ಗೊತ್ತಿದ್ದವರು ಹೇಳಿ.

ಉತ್ತರ 1: ಮೊದಲು ಯಾವ ಎಣ್ಣೆ ಅನ್ನುವುದಕ್ಕಿಂತ ಯಾವ ಕವಚ ಅಂತ ನೋಡಿ. ಚೀಲದ ಮೇಲೆ ಎಲ್ಲರೂ ಎಣ್ಣೆಯ ಹೆಸರನ್ನೇ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಗೋಂದು, ಪಿಷ್ಟ, ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಕವಚವಾದರೆ ನೀರು ತಾಗಿದ ಕೂಡಲೇ ಕರಗುತ್ತದೆ. ಒಣ ಆಹಾರದಲ್ಲಿ ಎಣ್ಣೆ ಆವಿಯಾಗದಂತೆ ಕಾಯುವುದಷ್ಟೇ ಅದರ ಕೆಲಸ. ಹಾಲಿಗೆ ಬೇಕಾದದ್ದು ಗಟ್ಟಿಗೊಳಿಸಿದ ಸಸ್ಯಜನ್ಯ ಕೊಬ್ಬಿನ ಕವಚ. ಅದು ಬಹುಪಾಲು ಸಣ್ಣ ಕರುಳಿಗೆ ಹೋದ ಮೇಲೆ ಬಿಡುತ್ತದೆ.

ಪರೀಕ್ಷೆ ಸುಲಭ. 40 ಡಿಗ್ರಿ ನೀರಿಗೆ ಒಂದು ಚಮಚ ಪುಡಿ ಹಾಕಿ ಕಲಕಿ, ಹತ್ತು ನಿಮಿಷ ಬಿಡಿ. ಕಾಳು ಹಾಗೇ ತೇಲುತ್ತಾ ವಾಸನೆ ಮಂದವಾಗಿದ್ದರೆ ಕೊಬ್ಬಿನ ಕವಚ ಗಟ್ಟಿಯಾಗಿದೆ. ನೀರು ಬೆಳ್ಳಗಾಗಿ ಘಾಟು ಮೂಗಿಗೆ ಹೊಡೆದರೆ, ಅಥವಾ ಮೇಲೆ ಎಣ್ಣೆಯ ಪೊರೆ ಕಂಡರೆ, ಹಾಲಿಗೆ ಬೇಡ. ನಿಮ್ಮ ಕರುಗಳು ಮೂತಿ ತಿರುಗಿಸುವುದು ಇದಕ್ಕೇ ಇರಬೇಕು.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಜೊತೆಗೆ ಹಾಲಿನ ಬಿಸಿಯನ್ನೂ ಥರ್ಮಾಮೀಟರ್ ಹಿಡಿದೇ ನೋಡಿ. ಗಟ್ಟಿಗೊಳಿಸಿದ ತಾಳೆಣ್ಣೆಯ ಕವಚ ಸುಮಾರು 58ರಿಂದ 60 ಡಿಗ್ರಿಯಲ್ಲಿ ಕರಗುತ್ತದೆ. ಮಿಲ್ಕ್ ರಿಪ್ಲೇಸರ್ (ಹಾಲಿನ ಬದಲು ಕೊಡುವ ಪುಡಿ) ಕಲಸುವ ಬಿಸಿನೀರಿಗೇ ಪುಡಿ ಸುರಿದರೆ ಕವಚ ಹೋಯಿತೆಂದೇ ಲೆಕ್ಕ. ಹಾಲು 40ಕ್ಕೆ ಇಳಿದ ಮೇಲೆ ಹಾಕಿ.

ಎಲ್ಲ ಕರುಗಳ ಹಾಲಿರುವ ದೊಡ್ಡ ಪಾತ್ರೆಗೆ ಹಾಕಲೇಬೇಡಿ. ಪುಡಿ ತೇಲುವುದರಿಂದ ಒಂದು ಕರುವಿಗೆ ಏನೂ ಸಿಗುವುದಿಲ್ಲ, ಇನ್ನೊಂದಕ್ಕೆ ಎರಡು ಪಾಲು. ಬಕೆಟ್ಟಿನಲ್ಲಿ ಕುಡಿಸಿದರೆ ಅರ್ಧ ಅಂಚಿಗೇ ಅಂಟುತ್ತದೆ. ನಿಪ್ಪಲ್ ಬಾಟಲಿಯಲ್ಲಿ ಕೊನೆಯ ಕಾಲು ಲೀಟರ್ ಉಳಿದಾಗ ಆ ಕರುವಿನ ಪಾಲನ್ನು ಹಾಕಿ, ಕುಲುಕಿ, ಕುಡಿಸಿ. ಚೀಪುವಾಗ ಅನ್ನನಾಳದ ಕಾಲುವೆ ಕೊಳವೆಯಂತೆ ಮುಚ್ಚಿಕೊಂಡು ಹಾಲು ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ಟ್ಯೂಬಿನಲ್ಲಿ ಇಳಿಸಿದರೆ ರೂಮೆನ್‌ನಲ್ಲಿ (ಮೊದಲ ಹೊಟ್ಟೆ) ನಿಲ್ಲುತ್ತದೆ.

ಪ್ರಮಾಣ ಲೇಬಲ್ಲಿನದೇ. ಆದರೆ ಅಲ್ಲಿ ಹೇಳಿರುವುದು ಪುಡಿಯ ತೂಕವೋ ಎಣ್ಣೆಯ ತೂಕವೋ ಓದಿ. 10% ಎಣ್ಣೆಯ ಪುಡಿ 2 ಗ್ರಾಂ ಅಂದರೆ ಎಣ್ಣೆ 200 ಮಿಲಿಗ್ರಾಂ ಮಾತ್ರ. ಚಮಚದ ಅಳತೆ ನಂಬಬೇಡಿ, ಗ್ರಾಂ ತಕ್ಕಡಿ ಇಟ್ಟುಕೊಳ್ಳಿ.

ಪ್ರಶ್ನೆ: ಬರೀ ಎಣ್ಣೆಯನ್ನೇ ನಾಲ್ಕು ಹನಿ ಹಾಕಿದರೆ?

ಉತ್ತರ 2: ಬೇಡ. ಹಾಲಿನಲ್ಲಿ ಬೆರೆಯುವುದಿಲ್ಲ, ಬಾಯಿ ಗಂಟಲು ಉರಿಯುತ್ತದೆ, ಆಮೇಲೆ ಕರು ಬಾಟಲಿ ಕಂಡರೇ ಹಿಂದೆ ಸರಿಯುತ್ತದೆ.

ಉತ್ತರ 3: ಸ್ಟಾರ್ಟರ್‌ಗೆ ಹಾಕುವವರಿಗೆ: ಲೇಬಲ್ ಕಿಲೋಗೆ 1 ಗ್ರಾಂ ಅಂದರೆ, 10 ಕಿಲೋಗೆ 10 ಗ್ರಾಂ ತೂಗಿ. ಅದನ್ನು ಮೊದಲು 200 ಗ್ರಾಂ ಜೋಳದ ನುಚ್ಚಿನ ಹಿಟ್ಟಿಗೆ ಬೆರೆಸಿ, ಅದನ್ನು 2 ಕಿಲೋಗೆ, ಆಮೇಲೆ ಪೂರ್ತಿಗೆ. ನೇರವಾಗಿ ಸುರಿದರೆ ಒಂದೆಡೆ ಗುಂಪುಗಟ್ಟುತ್ತದೆ, ಆ ಜಾಗದ ಆಹಾರವನ್ನು ಕರು ಬಿಟ್ಟುಬಿಡುತ್ತದೆ. ಬೀಸಿದ ಮೇಲೆಯೇ ಬೆರೆಸಿ, ಗಿರಣಿಗೆ ಹೋದರೆ ಕವಚ ಪುಡಿಯಾಗುತ್ತದೆ. ಪೆಲೆಟ್ (ಒತ್ತಿ ಮಾಡಿದ ಗುಳಿಗೆ) ಮಾಡಿಸುವುದಾದರೆ ಯಂತ್ರದೊಳಗೆ 70 ಡಿಗ್ರಿ ದಾಟುತ್ತದೆ, ಅಷ್ಟು ತಾಳುವ ಕವಚವೇ ಎಂದು ತಯಾರಕರನ್ನು ಕೇಳಿ.

ಉತ್ತರ 4: ಪಶುವೈದ್ಯಕೀಯದ ಕಡೆಯಿಂದ ಒಂದೆರಡು ಮಾತು. ಈ ಎಣ್ಣೆಗಳು ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸುತ್ತವೆ ನಿಜ. ಆದರೆ ವೈರಸ್ಸಿನಿಂದ ಬರುವ ರೋಟಾವೈರಸ್ ಭೇದಿಗೆ ಇದು ಔಷಧಿಯಲ್ಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ತೂಕದ ಹತ್ತನೇ ಒಂದು ಪಾಲು ಗಿಣ್ಣು, ಅಂದರೆ 40 ಕಿಲೋ ಕರುವಿಗೆ 4 ಲೀಟರ್, ಸಿಗದಿದ್ದರೆ ಯಾವ ಪುಡಿಯೂ ಆ ಕೊರತೆ ತುಂಬದು. ಭೇದಿ ಶುರುವಾದರೆ ಹಾಲು ನಿಲ್ಲಿಸಬೇಡಿ, ಹಾಲಿನ ಹೊತ್ತುಗಳ ನಡುವೆ 2 ಲೀಟರ್ ಎಲೆಕ್ಟ್ರೋಲೈಟ್ (ಲವಣಗಳ ದ್ರಾವಣ) ಕೊಡಿ. ಕಣ್ಣು ಒಳಗೆ ಹೋಗಿ, ಬಾಯಿ ತಣ್ಣಗಾಗಿ, ಬೆರಳು ಇಟ್ಟರೂ ಚೀಪದ ಕರುವಿಗೆ ರಕ್ತನಾಳದ ಮೂಲಕವೇ ದ್ರಾವಣ ಕೊಡಿಸಬೇಕು. ಆಗ ಪುಡಿಯ ಪ್ರಮಾಣ ಹೆಚ್ಚಿಸುತ್ತಾ ಕೂರಬೇಡಿ, ವೈದ್ಯರನ್ನು ಕರೆಸಿ.