ಮನೆ ಸುತ್ತ ಬೇಲಿ: ಧರೆ ನೀರಿಗೆ ಕಂಬ ನಿಲ್ಲುತ್ತಾ?

ಪ್ರಶ್ನೆ:
ಸಾಗರದ ಹತ್ತಿರ 10 ಗುಂಟೆ ಜಾಗದಲ್ಲಿ ಮನೆ ಮುಗಿಯಿತು. ಸುತ್ತಲೂ ಚಿರೆಕಲ್ಲಿನ ಪಾಗಾರ ಕಟ್ಟುವಷ್ಟು ದುಡ್ಡಿಲ್ಲ. ಕಲ್ಲುಕಂಬ ನೆಟ್ಟು ಚೈನ್ ಲಿಂಕ್ ಮೆಶ್ ಹಾಕೋಣ ಅಂತಿದ್ದೇನೆ. ಹಿಂದೆ ಧರೆ (ಕಡಿದಾದ ಮಣ್ಣಿನ ದಿಬ್ಬ) ಇದೆ, ಮಳೆಗಾಲದಲ್ಲಿ ಮೇಲಿನ ತೋಟದ ನೀರೆಲ್ಲ ನಮ್ಮ ಅಂಗಳಕ್ಕೇ ಇಳಿಯುತ್ತದೆ. ಅಮ್ಮನ ಹೂವಿನ ಗಿಡ ದನದ ಬಾಯಿಂದ ಉಳಿಯಬೇಕು, ಅದೇ ಮುಖ್ಯ.

ಉತ್ತರ 1:
ಮೊದಲು ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಬಂದು ಜಾಗದ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಕೊಡಿ. ಅಳತೆಗೆ ಬಂದಾಗ ಅಕ್ಕಪಕ್ಕದವರೂ ಇರಲಿ. ಗಡಿ ಕಲ್ಲು ಸಿಗುವ ತನಕ ಒಂದು ಗುಂಡಿಯನ್ನೂ ತೋಡಬೇಡಿ.

ಉತ್ತರ 2:
7 ಅಡಿ ಕಂಬ ತಗೊಳ್ಳಿ, 2 ಅಡಿ ಮಣ್ಣೊಳಗೆ ಹೋಗಲಿ. ಕಂಬದಿಂದ ಕಂಬಕ್ಕೆ 8 ಅಡಿ ಸಾಕು. ಮೂಲೆ ಕಂಬವೇ ಇಡೀ ಬೇಲಿಯ ಜೀವ. ಮೆಶ್ ಬಿಗಿಯಾಗಿ ಎಳೆದಾಗ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಹಾಗಾಗಿ ಎರಡೂ ಕಡೆಯಿಂದ ಓರೆ ಕಂಬ ಆನಿಸಿ, ಬುಡಕ್ಕೆ ಕಾಂಕ್ರೀಟ್ ಹಾಕಿ. ಕಾಂಕ್ರೀಟ್ ಗಟ್ಟಿಯಾಗುವ ಮುಂಚೆ ತಂತಿ ಎಳೆಯಬೇಡಿ. ಧರೆಯ ಅಂಚಿಗೇ ಕಂಬ ಬೇಡ, ಮಣ್ಣು ಜರಿದರೆ ಕಂಬವೂ ಹೋಗುತ್ತದೆ. ನೀರು ಬರುವ ಕಡೆ ಅಗಳ ತೋಡಿ ಪಕ್ಕಕ್ಕೆ ತಿರುಗಿಸಿ.

ಉತ್ತರ 3:
ಮೆಶ್ ಪಕ್ಕ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ ನೆಡಿ. ಮೊದಲ ಮಳೆಗೆ ನೆಟ್ಟರೆ ಸುಲಭವಾಗಿ ಚಿಗುರುತ್ತದೆ. ಸೊಪ್ಪು ತೋಟಕ್ಕಾಯಿತು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು. ಸೋಮವಾರವೇ ಅರ್ಜಿ ಕೊಡುತ್ತೇನೆ. ಗೇಟಿಗೆ ಎಷ್ಟು ಅಗಲ ಬಿಡಲಿ? ಗೊಬ್ಬರದ ಟ್ರ್ಯಾಕ್ಟರ್ ಒಳಗೆ ಬರಬೇಕು.

ಉತ್ತರ 2:
12 ಅಡಿ ಬಿಡಿ. ತಿರುವಿದ್ದರೆ ಇನ್ನೂ ಜಾಸ್ತಿ.